ಈ 'ಇಟ್' ಎಲ್ಲಿ ಕೂರಬೇಕು?

ಇಂಗ್ಲಿಷ್ ಕ್ರಿಯಾಪದಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಬಂದ ಪತ್ರಗಳು ಸುತ್ತಿ ಬಳಸಿ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿವೆ. ಕ್ರಿಯಾಪದದ ಪಕ್ಕ ಬರುವ ಅಪ್, ಆಫ್, ಟು, ಅಟ್, ವಿತ್ ಎಂಬ ಚಿಲ್ಲರೆ ಪದಗಳು ಒಂದು ಕಡೆ, ಮಿ, ಹಿಮ್, ಇಟ್ ಎಂಬ ಸರ್ವನಾಮಗಳು ಇನ್ನೊಂದು ಕಡೆ. ಯಾರ ಪಕ್ಕ ಯಾರು ಕೂರಬೇಕು ಅನ್ನೋದೇ ಜಗಳ. ಹಾಗಾಗಿ ಈ ಸಲ ಪೂರ್ತಿ ಅದೇ.

'ಟರ್ನ್ ಆಫ್ ದ ಫ್ಯಾನ್' ಸರಿ. 'ಟರ್ನ್ ದ ಫ್ಯಾನ್ ಆಫ್' ಕೂಡ ಸರಿಯಂತೆ. ಆದರೆ ನಾನು 'ಟರ್ನ್ ಆಫ್ ಇಟ್' ಎಂದು ಬರೆದಿದ್ದಕ್ಕೆ ಲೆಕ್ಚರರ್ ಕೆಂಪು ಇಂಕಿನಲ್ಲಿ ಹೊಡೆದುಹಾಕಿದರು. ಫ್ಯಾನಿಗೊಂದು ನ್ಯಾಯ, ಇಟ್‌ಗೊಂದು ನ್ಯಾಯ ಯಾಕೆ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಹೊಡೆದುಹಾಕಿದ್ದು ಸರಿಯಾಗಿಯೇ ಇದೆ. 'ಟರ್ನ್ ಇಟ್ ಆಫ್' ಎಂದೇ ಬರೆಯಬೇಕು. ಕಾರಣ ಹೇಳದೆ ಹೊಡೆದಿದ್ದರೆ ಅದು ಮಾತ್ರ ಸ್ವಲ್ಪ ಅನ್ಯಾಯ.

ಇಂಗ್ಲಿಷಿನಲ್ಲಿ ವಾಕ್ಯದ ಕೊನೆಯ ಜಾಗಕ್ಕೆ ಬೆಲೆ ಜಾಸ್ತಿ. ಹೊಸ ವಿಷಯ, ಒತ್ತಿ ಹೇಳಬೇಕಾದ ವಿಷಯ ಸಾಮಾನ್ಯವಾಗಿ ಅಲ್ಲಿಗೆ ಹೋಗುತ್ತದೆ. ಈಗ 'ಇಟ್' ನೋಡಿ. ಯಾವ ಫ್ಯಾನು ಎಂದು ಇಬ್ಬರಿಗೂ ಗೊತ್ತಿರುವಾಗ ತಾನೇ ನಾವು 'ಅದು' ಅನ್ನೋದು? ಅದರಲ್ಲಿ ಹೊಸದೇನೂ ಇಲ್ಲ, ಒತ್ತೂ ಇಲ್ಲ, ಮಾತಾಡುವಾಗ ಅರ್ಧ ನುಂಗಿಯೇ ಹೇಳುತ್ತಾರೆ. ಅಂಥ ಪದವನ್ನು ಕೊನೆಗೆ ಕೂರಿಸಿದರೆ ಇಂಗ್ಲಿಷ್ ಮನೆಮಾತಿನವರ ಕಿವಿಗೆ ವಾಕ್ಯ ಎಡವಿದ ಹಾಗೆ ಕೇಳುತ್ತದೆ. ಅವರ ಬಾಯಲ್ಲಿ ಒತ್ತು ಬೀಳುವುದು 'ಆಫ್' ಮೇಲೆ. ಅದಕ್ಕೇ ಅದು ಕೊನೆಗೆ ಹೋಗುತ್ತದೆ, ಇಟ್ ನಡುವೆ ಸೇರಿಕೊಳ್ಳುತ್ತದೆ.

ಫ್ಯಾನ್ ಎಂಬುದು ನಾಮಪದ. ಅದಕ್ಕೆ ಎರಡೂ ಕಡೆ ಜಾಗವಿದೆ. ಆದರೆ ನಾಮಪದ ತೀರಾ ಉದ್ದವಾದರೆ ಆಟ ಉಲ್ಟಾ. 'ಹೋದ ವಾರ ನಿನ್ನ ಮಾವ ತಂದುಕೊಟ್ಟ ಆ ಕಂದು ಬಣ್ಣದ ಟೇಬಲ್ ಫ್ಯಾನ್' ಎನ್ನುವಷ್ಟು ದೊಡ್ಡ ಬಾಲವನ್ನು ಟರ್ನ್‌ಗೂ ಆಫ್‌ಗೂ ನಡುವೆ ತುರುಕಿದರೆ, ಆಫ್ ಬರುವಷ್ಟರಲ್ಲಿ ಕೇಳುವವರಿಗೆ ಟರ್ನ್ ಮರೆತೇ ಹೋಗಿರುತ್ತದೆ. ಆಗ 'ಟರ್ನ್ ಆಫ್' ಒಟ್ಟಿಗೆ ಹೇಳಿ, ಬಾಲವನ್ನು ಆಮೇಲೆ ಬಿಡಿ.

ಪಿಕ್ ಇಟ್ ಅಪ್, ಪುಟ್ ಇಟ್ ಆನ್, ಟೇಕ್ ಇಟ್ ಆಫ್, ಥ್ರೋ ಇಟ್ ಅವೇ, ರೈಟ್ ಇಟ್ ಡೌನ್, ಫಿಲ್ ಇಟ್ ಇನ್. ಎಲ್ಲ ಇದೇ ಜಾತಿ. ಅಂದಹಾಗೆ ಆ ಕೊನೆಯದು ಅರ್ಜಿಗೆ. ನಾವೆಲ್ಲ ಫಾರ್ಮನ್ನು 'ಫಿಲ್ ಅಪ್' ಮಾಡುತ್ತೇವೆ. ಇಂಗ್ಲೆಂಡಿನವರಿಗೆ 'ಫಿಲ್ ಅಪ್' ಎಂದ ತಕ್ಷಣ ನೆನಪಾಗೋದು ಪೆಟ್ರೋಲ್ ಟ್ಯಾಂಕು, ಅರ್ಜಿಯಲ್ಲ.

ಹಾಗಾದರೆ 'ಲುಕ್ ಇಟ್ ಅಟ್' ಯಾಕೆ ತಪ್ಪು? ಮಕ್ಕಳು ಕೇಳಿದರೆ 'ಅದು ಹಾಗೇ' ಎಂದು ಎಷ್ಟು ಸಲ ಹೇಳೋದು?
– ಪ್ರೌಢಶಾಲೆ ಶಿಕ್ಷಕರು, ಮೈಸೂರು

ಮೇಷ್ಟ್ರೇ, 'ಅದು ಹಾಗೇ' ಎನ್ನಬೇಕಿಲ್ಲ, ತೋರಿಸಿಕೊಡೋಕೆ ಒಂದು ದಾರಿ ಇದೆ. ಎರಡನ್ನೂ ಗಟ್ಟಿಯಾಗಿ ಹೇಳಿಸಿ. 'ಟರ್ನ್ ಇಟ್ ಆಫ್' ಎಂದಾಗ ಒತ್ತು ಆಫ್ ಮೇಲೆ. 'ಲುಕ್ ಅಟ್ ಇಟ್' ಎಂದಾಗ ಒತ್ತು ಲುಕ್ ಮೇಲೆ, ಅಟ್ ಮತ್ತು ಇಟ್ ಎರಡೂ ಸೇರಿ 'ಅಟಿಟ್' ಎಂದು ಜಾರಿಹೋಗುತ್ತವೆ. ವ್ಯತ್ಯಾಸ ಅಲ್ಲೇ ಇದೆ. ಮೊದಲನೆಯದರಲ್ಲಿ ಆಫ್ ಕ್ರಿಯಾಪದದ ಕಡೆಯವನು, ಟರ್ನ್ ಜೊತೆ ಸೇರಿ ಒಂದೇ ಕೆಲಸ ಮಾಡುತ್ತಾನೆ. ಎರಡನೆಯದರಲ್ಲಿ ಅಟ್ ತನ್ನ ಮುಂದಿನ ಪದದ ಕಡೆಯವನು. ನಮ್ಮ ವಿಭಕ್ತಿ ಪ್ರತ್ಯಯದ ಕೆಲಸವನ್ನೇ ಅವನು ಮಾಡೋದು, ಆದರೆ ಪದದ ಹಿಂದೆ ಅಂಟದೆ ಮುಂದೆ ನಿಲ್ಲುತ್ತಾನೆ. ಅವನನ್ನು ದಾಟಿ ಇಟ್ ಈಚೆಗೆ ಬರಲಾರದು. ಲುಕ್ ಆಫ್ಟರ್ ಹರ್, ಲಿಸನ್ ಟು ಮಿ, ವೇಟ್ ಫಾರ್ ಹಿಮ್, ಡಿಪೆಂಡ್ ಆನ್ ದೆಮ್. ಒಂದರಲ್ಲೂ ಸರ್ವನಾಮ ನಡುವೆ ಬರುವುದಿಲ್ಲ.

ಇನ್ನೊಂದು ಪರೀಕ್ಷೆಯೂ ಇದೆ. ನಡುವೆ ಒಂದು ಕ್ರಿಯಾವಿಶೇಷಣ ಹಾಕಿ ನೋಡಿ. 'ಲುಕ್ ಕೇರ್‌ಫುಲ್ಲಿ ಅಟ್ ದ ಮ್ಯಾಪ್' ನಡೆಯುತ್ತದೆ. 'ಟರ್ನ್ ಕ್ವಿಕ್ಲಿ ಆಫ್ ದ ಫ್ಯಾನ್' ನಡೆಯುವುದಿಲ್ಲ. ಟರ್ನ್ ಮತ್ತು ಆಫ್ ನಡುವೆ ಆ ಥರದ ಪದಕ್ಕೆ ಪ್ರವೇಶವಿಲ್ಲ.

ಕಷ್ಟ ಬರೋದು ಓವರ್, ಥ್ರೂ, ಆನ್, ಬೈ ಎಂಬ ಪದಗಳ ಹತ್ತಿರ. ಇವು ಎರಡೂ ಪಕ್ಷದಲ್ಲಿ ಇರುತ್ತವೆ. ಸರ್ವನಾಮದ ಜಾಗ ನೋಡಿಯೇ ಅರ್ಥ ಗೊತ್ತಾಗಬೇಕು. 'ಶಿ ಸಾ ಥ್ರೂ ಮಿ' ಎಂದರೆ ನನ್ನ ನಾಟಕ ಅವಳಿಗೆ ಗೊತ್ತಾಯಿತು. 'ಶಿ ಸಾ ಮಿ ಥ್ರೂ' ಎಂದರೆ ಕಷ್ಟಕಾಲ ಮುಗಿಯುವ ತನಕ ಅವಳು ನನ್ನ ಜೊತೆ ನಿಂತಳು. ಅದೇ ನಾಲ್ಕು ಪದ! ತರಗತಿಯಲ್ಲಿ ಬೋರ್ಡ್ ಮೇಲೆ ಇವೆರಡನ್ನು ಬರೆದು ಬಿಡಿ, ಬೇರೆ ಪಾಠ ಬೇಕಾಗುವುದಿಲ್ಲ. ಇನ್ನು 'ರನ್ ಓವರ್' ಅಂಥದ್ದು ಎರಡು ದೋಣಿಯಲ್ಲೂ ಕಾಲಿಟ್ಟಿದೆ. ಕಾರು ಅವನ ಮೇಲೆ ಹರಿಯಿತು ಎನ್ನಲು 'ರ್‍ಯಾನ್ ಓವರ್ ಹಿಮ್', 'ರ್‍ಯಾನ್ ಹಿಮ್ ಓವರ್' ಎರಡನ್ನೂ ಹೇಳುತ್ತಾರೆ.

ಮೂರು ತುಂಡಿನವು ಬಂದಾಗ ಮಾತ್ರ ನಿರಾಳ. 'ಪುಟ್ ಅಪ್ ವಿತ್ ಇಟ್', 'ರನ್ ಔಟ್ ಆಫ್ ಇಟ್', 'ಲುಕ್ ಫಾರ್ವರ್ಡ್ ಟು ಇಟ್'. ಕೊನೆಯ ತುಂಡು ಅಟ್‌ನ ಜಾತಿಯದ್ದೇ ಆದ್ದರಿಂದ ಇಟ್ ಅದಾದಮೇಲೆಯೇ ಬರುತ್ತದೆ. ಪತ್ರದ ಕೊನೆಗೆ 'ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು' ಎಂದು ಬರೆಯುವವರಿಗೂ ಇಲ್ಲೇ ಉತ್ತರವಿದೆ. ಆ 'ಟು' ಆದಮೇಲೆ 'ಇಟ್' ಹಾಕಬಹುದು. ಅಂದರೆ ಅಲ್ಲಿ ಬೇಕಾಗಿರುವುದು ನಾಮಪದದಂಥ ರೂಪ, ಹಿಯರಿಂಗ್.

ಮಕ್ಕಳ ನೋಟ್ಸಿನಲ್ಲಿ 'ಟರ್ನ್ ಆಫ್ – ಆರಿಸು' ಎಂದು ಬರೆಸುವ ಬದಲು 'ಟರ್ನ್ ಇಟ್ ಆಫ್ – ಅದನ್ನು ಆರಿಸು', 'ಲುಕ್ ಆಫ್ಟರ್ ಹರ್ – ಅವಳನ್ನು ನೋಡಿಕೋ' ಎಂದು ಸರ್ವನಾಮ ಸೇರಿಸಿಯೇ ಬರೆಸಿ. ಕಲಿಯುವಾಗಲೇ ಜಾಗ ಗೊತ್ತಾದರೆ ಆಮೇಲೆ ನಿಯಮ ನೆನಪಿಟ್ಟುಕೊಳ್ಳುವ ತಾಪತ್ರಯ ಇರುವುದಿಲ್ಲ.

ನಮ್ಮ ಆಫೀಸಿನಲ್ಲಿ ಎಲ್ಲರೂ 'ಡಿಸ್ಕಸ್ ಅಬೌಟ್', 'ಎಕ್ಸ್‌ಪ್ಲೇನ್ ಮಿ', 'ಕೋಪ್ ಅಪ್ ವಿತ್' ಅಂತಲೇ ಮಾತಾಡೋದು, ಮ್ಯಾನೇಜರೂ ಸೇರಿ. ನಾವೆಲ್ಲ ಒಂದೇ ಥರ ತಪ್ಪು ಮಾಡೋದು ಹೇಗೆ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಒಂದೇ ಥರ ಮಾಡುತ್ತೀರಿ ಎಂದರೆ ಅದು ಅಜಾಗರೂಕತೆ ಅಲ್ಲ, ಒಳಗೆ ಏನೋ ಲೆಕ್ಕ ಇದೆ ಎಂದರ್ಥ.

ಕನ್ನಡದಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂದು ತೋರಿಸೋದು ವಿಭಕ್ತಿ ಪ್ರತ್ಯಯ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಶಾಲೆಯಲ್ಲಿ ಬಾಯಿಪಾಠ ಹೊಡೆದಿದ್ದೇವಲ್ಲ, ಅದೇ. ನಾವು ಇಂಗ್ಲಿಷ್ ಮಾತಾಡುವಾಗ ತಲೆಯೊಳಗೆ ಈ ಪ್ರತ್ಯಯಗಳು ಸುಮ್ನೆ ಕೂತಿರುವುದಿಲ್ಲ. 'ಅವನಿಗೆ ಹೇಳಿದೆ' ಎನ್ನುವಾಗ 'ಗೆ' ಇದೆಯಲ್ಲ, ಅದಕ್ಕೊಂದು 'ಟು' ಬೇಕು ಅನಿಸುತ್ತದೆ, 'ಟೋಲ್ಡ್ ಟು ಹಿಮ್' ಹುಟ್ಟುತ್ತದೆ. 'ಊರಿಗೆ ತಲುಪಿದೆ' ಎಂಬುದು 'ರೀಚ್ಡ್ ಟು' ಆಗುತ್ತದೆ. 'ಅವಳ ಜೊತೆ ಮದುವೆ' ಎಂಬುದು 'ಮ್ಯಾರೀಡ್ ವಿತ್ ಹರ್'. ಇತ್ತ 'ಹಾಡು ಕೇಳು' ಎನ್ನುವಾಗ ಪ್ರತ್ಯಯವೇ ಇಲ್ಲ, ಹಾಗಾಗಿ 'ಲಿಸನ್ ಮ್ಯೂಸಿಕ್' ಎಂದು ಟು ಕೈಬಿಟ್ಟುಹೋಗುತ್ತದೆ. ಒಂದು ಕಡೆ ಬೇಡದ ಟು, ಇನ್ನೊಂದು ಕಡೆ ಬೇಕಾದ ಟು ಮಾಯ! ಹಿಂದಿ, ತಮಿಳು, ತೆಲುಗಿನವರ ಬಾಯಲ್ಲೂ ಇಂಥವೇ ಬರುತ್ತವೆ, ಅವರ ಭಾಷೆಗಳಲ್ಲೂ ಈ ಕೆಲಸ ಮಾಡುವ ತುಣುಕು ನಾಮಪದದ ಹಿಂದೆಯೇ ಬರುವುದು.

'ಡಿಸ್ಕಸ್ ಅಬೌಟ್' ವಿಷಯದಲ್ಲಿ ಇಂಗ್ಲಿಷಿನದ್ದೂ ತಪ್ಪಿದೆ. 'ಡಿಸ್ಕಷನ್ ಅಬೌಟ್ ಸ್ಯಾಲರಿ' ಸರಿ, 'ಡಿಸ್ಕಸ್ ಅಬೌಟ್ ಸ್ಯಾಲರಿ' ತಪ್ಪು. 'ಎ ರಿಕ್ವೆಸ್ಟ್ ಫಾರ್ ಲೀವ್' ಸರಿ, 'ಐ ರಿಕ್ವೆಸ್ಟೆಡ್ ಫಾರ್ ಲೀವ್' ಕೂಡದು. 'ಆ್ಯನ್ ಆರ್ಡರ್ ಫಾರ್ ತ್ರೀ ದೋಸಾಸ್' ಇರಬಹುದು, 'ಐ ಆರ್ಡರ್ಡ್ ಫಾರ್ ತ್ರೀ ದೋಸಾಸ್' ಇರಬಾರದು. ನಾಮಪದಕ್ಕೆ ಊರುಗೋಲು ಬೇಕು, ಅದೇ ಪದ ಕ್ರಿಯಾಪದವಾಗಿ ಬಂದಾಗ ಬೇಡ. ಅನುಮಾನ ಬಂದರೆ ಇಲ್ಲೂ ಇಟ್ ಹಾಕಿ ನೋಡಿ. 'ಲೆಟ್ ಅಸ್ ಡಿಸ್ಕಸ್ ಇಟ್' ಎಂದು ಯಾರಾದರೂ ಸಲೀಸಾಗಿ ಹೇಳುತ್ತಾರೆ. ಅಲ್ಲಿ ಅಬೌಟ್ ಬೇಕಾಗಲಿಲ್ಲ, ಅಲ್ವಾ?

'ಎಕ್ಸ್‌ಪ್ಲೇನ್ ಮಿ' ಕಥೆ ಬೇರೆ, ಮತ್ತು ನನಗೆ ಬಹಳ ಇಷ್ಟದ್ದು. 'ಟೆಲ್ ಮಿ', 'ಗಿವ್ ಮಿ', 'ಶೋ ಮಿ', 'ಸೆಂಡ್ ಮಿ' ಎಲ್ಲ ಸರಿ ಇರುವಾಗ ಎಕ್ಸ್‌ಪ್ಲೇನ್ ಮಾಡಿದ ಪಾಪ ಏನು? ಗಿವ್, ಟೆಲ್, ಶೋ, ಸೆಂಡ್ ಇವೆಲ್ಲ ಇಂಗ್ಲಿಷಿನ ಸ್ವಂತ ಮನೆಯ ಹಳೇ ಪದಗಳು. ಅವುಗಳ ಪಕ್ಕ ಮಿ ನೇರವಾಗಿ ಹೋಗಿ ಕೂರಬಹುದು. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಡೊನೇಟ್ ಇವು ಲ್ಯಾಟಿನ್ ಮೂಲದಿಂದ ಬಂದವು. ಇವುಗಳ ಹತ್ತಿರ ಹೋಗಬೇಕಾದರೆ ಟು ಕೈಹಿಡಿದುಕೊಂಡೇ ಹೋಗಬೇಕು: 'ಎಕ್ಸ್‌ಪ್ಲೇನ್ ಇಟ್ ಟು ಮಿ', 'ಡಿಸ್ಕ್ರೈಬ್ ಇಟ್ ಟು ಮಿ'. ಇದು ಕಬ್ಬಿಣದ ನಿಯಮವಲ್ಲ. 'ಆಫರ್ ಮಿ', 'ಪ್ರಾಮಿಸ್ ಮಿ' ಎರಡೂ ಲ್ಯಾಟಿನ್ ಕಡೆಯವೇ, ಆದರೂ ನಡೆಯುತ್ತವೆ. ಆದರೆ ನೂರಕ್ಕೆ ನೂರು ಆಗದಿದ್ದರೂ ಬಹಳಷ್ಟು ಕಡೆ ಕೈಕೊಡದ ಲೆಕ್ಕ ಇದು. 'ಸಜೆಸ್ಟ್ ಮಿ ಎ ಗುಡ್ ಹೋಟೆಲ್' ಎನ್ನುವ ಮುಂಚೆ ಇದು ನೆನಪಿರಲಿ.

'ಕೋಪ್ ಅಪ್ ವಿತ್'ನಲ್ಲಿ ಅಪ್ ಬೇಡ. 'ಕೀಪ್ ಅಪ್ ವಿತ್', 'ಕ್ಯಾಚ್ ಅಪ್ ವಿತ್' ಇದ್ದಾವಲ್ಲ, ಅವುಗಳ ಗಾಳಿ ಬೀಸಿದೆ ಎಂಬುದು ನನ್ನ ಗುಮಾನಿ. 'ರಿಟರ್ನ್ ಬ್ಯಾಕ್'ನಲ್ಲಿ ಬ್ಯಾಕ್ ದಂಡ.

ಇದಕ್ಕೆಲ್ಲ ಮೀಟಿಂಗಿನಲ್ಲಿ ಮ್ಯಾನೇಜರನ್ನು ತಿದ್ದಲು ಹೋಗಬೇಡಿ. ಬೆಂಗಳೂರಿನ ಆಫೀಸಿನಲ್ಲಿ 'ಡಿಸ್ಕಸ್ ಅಬೌಟ್' ಎಂದರೆ ಯಾರ ಕೆಲಸವೂ ನಿಲ್ಲುವುದಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದ ಗ್ರಾಹಕರಿಗೆ ಹೋಗುವ ಮೇಲ್‌ನಲ್ಲಿ ಮಾತ್ರ ಒಮ್ಮೆ ಕಣ್ಣಾಡಿಸಿ.

ನನ್ನ ಮೊಮ್ಮಗ 'ಅಜ್ಜಿ, ಆನ್ ದ ಫ್ಯಾನ್' ಅಂತಾನೆ. ಕಾನ್ವೆಂಟಿಗೆ ಅಷ್ಟು ಫೀಸ್ ಕಟ್ಟಿ ಇದೇನಾ ಕಲಿಸೋದು?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಅಮ್ಮಾ, ಶಾಲೆಯವರನ್ನು ಬೈಯಬೇಡಿ. ಇದನ್ನು ಅವನಿಗೆ ಕಲಿಸಿದ್ದು ಕನ್ನಡ.

ಇಂಗ್ಲಿಷಿನಿಂದ ನಾವು 'ಟರ್ನ್ ಆನ್' ಎಂಬ ಇಡೀ ಜೋಡಿಯನ್ನು ತರಲಿಲ್ಲ. ಬಾಲವನ್ನು ಮಾತ್ರ ಕಿತ್ತುಕೊಂಡು ಬಂದು 'ಮಾಡು' ಸೇರಿಸಿದೆವು. ಫ್ಯಾನ್ ಆನ್ ಮಾಡು, ಲೈಟ್ ಆಫ್ ಮಾಡು, ಮೋಟರ್ ಆನ್ ಆಗ್ತಿಲ್ಲ. ನಮಗೆ ಅಷ್ಟು ಸಾಕು, ಕ್ರಿಯೆಯ ಕೆಲಸಕ್ಕೆ ಮಾಡು, ಆಗು ಇವೆಯಲ್ಲ. ಹುಡುಗ ಇಂಗ್ಲಿಷ್ ಮಾತಾಡುವಾಗ ಆ ಮಾಡು ಬಿಟ್ಟುಹಾಕುತ್ತಾನೆ, ಉಳಿಯೋದು 'ಆನ್'. ಅವನ ಲೆಕ್ಕದಲ್ಲಿ ಆನ್ ಎಂಬುದೇ ಕ್ರಿಯಾಪದ. ತರ್ಕ ಪಕ್ಕಾ ಇದೆ! ಇನ್ನು ಕೆಲವನ್ನು ನಾವು ಪೂರ್ತಿಯಾಗಿಯೇ ತಂದಿದ್ದೇವೆ: ಪಿಕಪ್ ಮಾಡು, ಲಾಗಿನ್ ಆಗು, ಸೆಟಪ್ ಮಾಡು, ಬ್ರೇಕಪ್ ಆಯ್ತು. ಅವುಗಳಲ್ಲಿ ಈ ತೊಂದರೆ ಬರುವುದಿಲ್ಲ.

ತಿದ್ದಬೇಡಿ, ನೀವು ಫ್ಯಾನ್ ಹಾಕುವಾಗ 'ಶಲ್ ಐ ಟರ್ನ್ ಇಟ್ ಆನ್?' ಎಂದು ಕೇಳುತ್ತಾ ಇರಿ. ತಾನಾಗಿಯೇ ಬರುತ್ತದೆ.

ಮಗನಿಗೆ 'ಪಿಕ್ ಮಿ ಅಟ್ ದ ಏರ್‌ಪೋರ್ಟ್' ಎಂದು ಮೆಸೇಜ್ ಕಳಿಸಿದೆ. ಅವನು ನಗುವ ಗೊಂಬೆ ಕಳಿಸಿದ. ಏನು ತಪ್ಪಾಯಿತು?
– ವ್ಯಾಪಾರಿ, ಕಲಬುರಗಿ

'ಏರ್‌ಪೋರ್ಟಿನಲ್ಲಿ ನನ್ನನ್ನೇ ಆರಿಸಿಕೋ' ಎಂದಂತಾಯಿತು ಸರ್. ಸಾಲಾಗಿ ನಿಂತ ಅಪ್ಪಂದಿರಲ್ಲಿ ನಿಮ್ಮನ್ನು ಆರಿಸಬೇಕಂತೆ. 'ಪಿಕ್ ಮಿ ಅಪ್' ಅನ್ನಬೇಕಿತ್ತು. 'ಡ್ರಾಪ್ ಮಿ ಅಟ್ ಮೆಜೆಸ್ಟಿಕ್' ಎನ್ನುವಾಗ ಆಫ್ ಇಲ್ಲದೆಯೂ ನಡೆಯುತ್ತದೆ, ಅದೇ ಧಾಟಿಯಲ್ಲಿ ಪಿಕ್ ಮಿ ಬಂದುಬಿಡುತ್ತದೆ. ಫೋನಿಗೂ ಹಾಗೆಯೇ, 'ಪಿಕ್ ದ ಕಾಲ್' ಅಲ್ಲ, 'ಆನ್ಸರ್ ದ ಕಾಲ್' ಅಥವಾ ಸುಮ್ನೆ 'ಪಿಕ್ ಅಪ್'.

ಪ್ರಯಾಣದ ಮಾತು ಬಂದಿದ್ದಕ್ಕೆ ಇನ್ನೊಂದು. ಬಸ್ಸು, ರೈಲಿಗೆ 'ಗೆಟ್ ಆನ್', 'ಗೆಟ್ ಆಫ್'. ಕಾರು, ಆಟೋಗೆ 'ಗೆಟ್ ಇನ್', 'ಗೆಟ್ ಔಟ್'. ಒಳಗೆ ಎದ್ದು ಓಡಾಡುವಷ್ಟು ಜಾಗ ಇದ್ದರೆ ಆನ್, ಬಗ್ಗಿ ಕೂರಬೇಕಾದರೆ ಇನ್ ಎಂದು ಅಂದಾಜು ಇಟ್ಟುಕೊಳ್ಳಿ. ನಾವು ಎಲ್ಲದಕ್ಕೂ ಹೇಳುವ 'ಗೆಟ್ ಡೌನ್' ನಮ್ಮ 'ಇಳಿ'ಯ ನೆರಳು. ಆಟೋದಿಂದ ಇಳಿಯುವವರಿಗೆ 'ಗೆಟ್ ಔಟ್' ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ, ಬೈದ ಹಾಗಾಗುತ್ತದೆ ಎಂಬ ಸಂಕೋಚ ನನಗೂ ಅರ್ಥವಾಗುತ್ತದೆ.

ವಾಕ್ಯದ ಕೊನೆಯಲ್ಲಿ ಟು, ಅಟ್ ಥರದ ಪ್ರಿಪೊಸಿಷನ್ ಬರಬಾರದು ಎಂದು ಓದಿದ್ದೇನೆ. 'ಹೂ ಆರ್ ಯು ಟಾಕಿಂಗ್ ಟು?' ತಪ್ಪೇ?
– ಬ್ಯಾಂಕ್ ಉದ್ಯೋಗಿ, ಉಡುಪಿ

ತಪ್ಪಲ್ಲ. 'ಟು ಹೂಮ್ ಆರ್ ಯು ಟಾಕಿಂಗ್?' ಎಂದು ಫೋನಿನಲ್ಲಿ ಕೇಳಿದರೆ ಎದುರಿನವರು ಪೊಲೀಸ್ ವಿಚಾರಣೆ ಅಂದುಕೊಳ್ಳುತ್ತಾರೆ.

ಈ ಗುಲ್ಲು ಹಳೆಯದು. 1672ರಲ್ಲಿ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಬರವಣಿಗೆಯಲ್ಲಿ ಇದು ಪದೇಪದೇ ಬರುವ ದೋಷ ಎಂದು ಕೊಂಕು ತೆಗೆದಿದ್ದ. 1762ರಲ್ಲಿ ರಾಬರ್ಟ್ ಲೌತ್ ಬರೆದ ವ್ಯಾಕರಣ ಪುಸ್ತಕದಲ್ಲೂ ಗಂಭೀರ ಬರಹಕ್ಕೆ ಪ್ರಿಪೊಸಿಷನ್ ಮುಂಚೆ ಬಂದರೇ ಚೆಂದ ಎಂದಿದೆ. ಆದರೆ ಲೌತ್ ಅದನ್ನು ತಪ್ಪು ಎಂದು ಹೇಳಲಿಲ್ಲ. ಮಾತಿಗೆ ಅದು ಒಗ್ಗುತ್ತದೆ, ನಮ್ಮ ಭಾಷೆಗೆ ಅದರ ಕಡೆ ಒಲವು ಜಾಸ್ತಿ ಎಂದ. ಹಾಗೆ ಹೇಳುವ ವಾಕ್ಯದಲ್ಲೇ ಆ ತುಂಡನ್ನು 'ಟು' ಹಾಕಿ ಮುಗಿಸಿದ. ಆಮೇಲೆ ಬಂದವರು ಚೆಂದ ಎಂದಿದ್ದನ್ನು ಕಡ್ಡಾಯ ಮಾಡಿಬಿಟ್ಟರು.

'ಬಿಟ್ವೀನ್ ಯು ಅಂಡ್ ಐ' ಜಾಸ್ತಿ ಮರ್ಯಾದೆಯ ಇಂಗ್ಲಿಷ್ ಅಲ್ವಾ?
– ಓದುಗರು, ದಾವಣಗೆರೆ

ಅಲ್ಲ. 'ಬಿಟ್ವೀನ್ ಯು ಅಂಡ್ ಮಿ'. ಪ್ರಿಪೊಸಿಷನ್ ಆದಮೇಲೆ ಮಿ, ಹಿಮ್, ಹರ್, ಅಸ್, ದೆಮ್ ಮಾತ್ರ. 'ಫಾರ್ ಮೈ ವೈಫ್ ಅಂಡ್ ಐ' ಎನ್ನುವವರು ಹೆಂಡತಿಯನ್ನು ಒಂದು ಕ್ಷಣ ಪಕ್ಕಕ್ಕೆ ಸರಿಸಿ ನೋಡಲಿ. 'ಫಾರ್ ಐ' ಅಂತಾರಾ? ಚಿಕ್ಕಂದಿನಲ್ಲಿ 'ಮಿ ಅಂಡ್ ರಾಜು' ಎಂದಾಗಲೆಲ್ಲ ತಲೆ ಮೇಲೆ ಮೊಟಕಿ 'ರಾಜು ಅಂಡ್ ಐ' ಎಂದು ತಿದ್ದಿದ್ದರ ಫಲ ಇದು. ಇಂಗ್ಲೆಂಡ್, ಅಮೆರಿಕದಲ್ಲಿ ಹುಟ್ಟಿದವರೂ ಇದರಲ್ಲಿ ಮುಗ್ಗರಿಸುತ್ತಾರೆ.

'ಪೋಸ್ಟ್‌ಪೋನ್' ಎಂಬ ಒಂದೇ ಪದ ಇರುವಾಗ 'ಪುಟ್ ಆಫ್' ಯಾಕೆ ಬೇಕು? ಈ ಜೋಡಿಗಳನ್ನು ಕಲಿಯಲೇಬೇಕಾ?
– ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ

1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಅರಮನೆ, ನ್ಯಾಯಾಲಯದ ಭಾಷೆ ಫ್ರೆಂಚ್ ಆಯಿತು, ವಿದ್ವಾಂಸರ ಭಾಷೆ ಲ್ಯಾಟಿನ್ ಇದ್ದೇ ಇತ್ತು. ಹೊಲ, ಅಡುಗೆಮನೆ, ಬೀದಿಯಲ್ಲಿ ಹಳೇ ಇಂಗ್ಲಿಷೇ ಉಳಿಯಿತು. ಹಾಗಾಗಿ ಎಷ್ಟೋ ಕೆಲಸಕ್ಕೆ ಇಂದಿಗೂ ಎರಡೆರಡು ಪದ: ಪೋಸ್ಟ್‌ಪೋನ್–ಪುಟ್ ಆಫ್, ಟಾಲರೇಟ್–ಪುಟ್ ಅಪ್ ವಿತ್, ಎಕ್ಸ್‌ಟಿಂಗ್ವಿಷ್–ಪುಟ್ ಔಟ್, ಇನ್ವೆಸ್ಟಿಗೇಟ್–ಲುಕ್ ಇಂಟು. ಲ್ಯಾಟಿನ್, ಫ್ರೆಂಚ್ ಕಡೆಯದ್ದು ಕಾಗದಕ್ಕೆ, ಜೋಡಿ ಪದ ಬಾಯಿಗೆ. ನಾವು ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು, ಹಾಗಾಗಿ ಅಂಗಡಿಯಲ್ಲೂ ಅರ್ಜಿಯ ಭಾಷೆ ಮಾತಾಡುತ್ತೇವೆ. ಈ ಜೋಡಿಗಳು ಪರದೇಶದವರಿಗೆ ಅತ್ಯಂತ ಕಷ್ಟ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದಾನೆ, ಅಂದರೆ ಒದ್ದಾಡುತ್ತಿರುವುದು ನೀವೊಬ್ಬರೇ ಅಲ್ಲ. ಈ ಜೋಡಿಗಳಿಗೆ ಫ್ರೇಸಲ್ ವರ್ಬ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಬಹಳ ತಡವಾಗಿ. ಲೇಖಕ ಲೋಗನ್ ಪಿಯರ್ಸಾಲ್ ಸ್ಮಿತ್ 1925ರ ಪುಸ್ತಕದಲ್ಲಿ ಅದನ್ನು ಬಳಸಿದರು.

ಕಲಿಯಬೇಕಾ ಎಂದರೆ, ಪರೀಕ್ಷೆಗೆ ಪಟ್ಟಿ ಓದಲೇಬೇಕು, ವಿಧಿಯಿಲ್ಲ. ಆದರೆ ವರ್ಣಮಾಲೆಯ ಕ್ರಮದಲ್ಲಿ ಸಾವಿರ ಜೋಡಿ ಉರು ಹೊಡೆಯುವ ಪುಸ್ತಕಗಳಿವೆಯಲ್ಲ, ಅವು ಸುಮ್ನೆ ಸಮಯ ತಿನ್ನುತ್ತವೆ. ಪುಟ್, ಗೆಟ್, ಟೇಕ್, ಲುಕ್, ಟರ್ನ್ ಇವಿಷ್ಟರ ಜೋಡಿಗಳನ್ನು ಇಟ್ ಸೇರಿಸಿ ವಾಕ್ಯದಲ್ಲಿ ಬರೆದುಕೊಳ್ಳಿ. ಹಳೇ ಪ್ರಶ್ನೆಪತ್ರಿಕೆ ಪಕ್ಕದಲ್ಲಿರಲಿ.

ಡಬ್ಲಿನ್‌ನಲ್ಲಿರುವ ಮಗಳು ಸಂದರ್ಶನದಲ್ಲಿ 'ಐ ಪಾಸ್ಡ್ ಔಟ್ ಇನ್ 2019' ಎಂದಳಂತೆ. ಅವರು ಗಾಬರಿಯಾದರಂತೆ.
– ಗೃಹಿಣಿ, ಮಂಡ್ಯ

ಆಗೇ ಆಗುತ್ತಾರೆ. ಅಲ್ಲಿ 'ಪಾಸ್ಡ್ ಔಟ್' ಎಂದರೆ ಪ್ರಜ್ಞೆ ತಪ್ಪಿ ಬಿದ್ದೆ ಎಂದು. ಮಿಲಿಟರಿ ತರಬೇತಿ ಮುಗಿಸಿದವರಿಗೆ ಬ್ರಿಟನ್ನಿನಲ್ಲೂ 'ಪಾಸಿಂಗ್ ಔಟ್' ಪೆರೇಡ್ ಇದೆ, ನಾವು ಅದನ್ನು ಕಾಲೇಜಿಗೂ ಹಚ್ಚಿಕೊಂಡೆವು. 'ಐ ಗ್ರಾಜುಯೇಟೆಡ್ ಇನ್ 2019' ಎಂದರೆ ಮುಗಿಯಿತು. ಆದರೆ 'ಪಾಸ್ಡ್ ಅವೇ' ಜೊತೆ ಮಾತ್ರ ಕಲಸಿಕೊಳ್ಳದಿರಲು ಹೇಳಿ, ಅದು ತೀರಿಕೊಂಡವರಿಗೆ.

ಅಮೆರಿಕದ ಸೊಸೆ 'ರೈಟ್ ಮಿ' ಎಂದು ಮೇಲ್ ಹಾಕುತ್ತಾಳೆ. ನಾವು ಕಲಿತದ್ದು 'ರೈಟ್ ಟು ಮಿ'. ಯಾರು ಸರಿ?
– ನಿವೃತ್ತ ಅಧಿಕಾರಿ, ತುಮಕೂರು

ಇಬ್ಬರೂ. ಅಮೆರಿಕದಲ್ಲಿ ಟು ಇಲ್ಲದೆಯೂ ನಡೆಯುತ್ತದೆ, ಬ್ರಿಟನ್ನಿನಲ್ಲಿ ಟು ಬೇಕು. ನಾವು ಕಲಿತದ್ದು ಬ್ರಿಟಿಷರದ್ದು. ಹಾಗೆಯೇ ಅಮೆರಿಕದವರು 'ಮೀಟ್ ವಿತ್ ಹಿಮ್' ಎನ್ನುವ ಕಡೆ ನಾವು 'ಮೀಟ್ ಹಿಮ್' ಎಂದಷ್ಟೇ ಹೇಳುತ್ತೇವೆ. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಖರ್ಚು ಮಾಡುತ್ತಾರೆ ನೋಡಿ! ಸೊಸೆಗೆ ನೀವು 'ರೈಟ್ ಟು ಮಿ' ಎಂದೇ ಬರೆಯಿರಿ, ಅವಳು ತಿದ್ದುವುದಿಲ್ಲ.